ಕಡಲ ಪಾಲಾದ ಕೋವಿ

ವೀರರ ದ್ವಂದ್ವಯುದ್ಧಕ್ಕೆ ಹೆಸರಾದ ಕಾವ್ಯಗಳಲ್ಲಿ ಇಟಲಿಯ ಕವಿ ಅರಿಯೋಸ್ತೊ ರಚಿಸಿದ ‘ಒರ್ಲಾಂಡೊ ಫ್ಯುರಿಯೋಸೊ’ ಅಗ್ರಪಂಕ್ತಿಯದು. ಅದರ ಮೊದಲ ಸರ್ಗದಲ್ಲಿಯೇ ರಿನಾಲ್ಡೊ, ಫೆರಾವು ಎಂಬ ಇಬ್ಬರು ವೀರರು ಆಂಜೆಲಿಕಾ ಎಂಬ ಸುಂದರಿಗಾಗಿ ಕತ್ತಿ ಹಿರಿದು ಕಾದುತ್ತಾರೆ. ಆಕೆ ಅಷ್ಟರಲ್ಲಿ ತಪ್ಪಿಸಿಕೊಂಡಳೆಂದು ತಿಳಿದೊಡನೆ ಕಾಳಗವನ್ನು ಮುಂದೂಡಿ, ಇಬ್ಬರೂ ಒಂದೇ ಕುದುರೆಯನ್ನೇರಿ ಅವಳನ್ನರಸುತ್ತ ಹೊರಡುತ್ತಾರೆ. ಮತ ಬೇರೆ, ಪಕ್ಷ ಬೇರೆ. ಮೈಯೆಲ್ಲ ಪರಸ್ಪರ ಕೊಟ್ಟ ಪೆಟ್ಟು. ಆದರೂ ಬೆನ್ನ ಹಿಂದೆ ಕುಳಿತವನು ಇರಿದಾನೆಂಬ ಶಂಕೆ ಮುಂದಿನವನಿಗಿಲ್ಲ! ವೀರಧರ್ಮವೆಂದರೆ ಈ ನಂಬಿಕೆ.

ಕಾವ್ಯವು 1516ರಲ್ಲಿ 40 ಸರ್ಗಗಳಾಗಿ ಅಚ್ಚಾಯಿತು. 1525ರಲ್ಲಿ ಪಾವಿಯಾದ ರಣರಂಗದಲ್ಲಿ ಫ್ರಾನ್ಸಿನ ಕವಚಧಾರಿ ಸವಾರರು ಕಾಲಾಳುಗಳ ಕೋವಿಗೆ ಬಲಿಯಾದರು. 1532ರ ಪರಿಷ್ಕೃತ ಮುದ್ರಣದಲ್ಲಿ ಸರ್ಗಗಳು 46 ಆದವು. ಹೊಸದಾಗಿ ಸೇರಿದ ಕಥೆಯೊಂದರಲ್ಲಿ ಕೋವಿಯೂ ಬಂದಿತು. ಚಿಮೊಸ್ಕೊ ಎಂಬ ದೊರೆ ಅದನ್ನು ಒರ್ಲಾಂಡೊವಿನ ಮೇಲೆ ಹಾರಿಸುತ್ತಾನೆ. ಕುದುರೆ ಸಾಯುತ್ತದೆ, ವೀರನು ಉಳಿಯುತ್ತಾನೆ. ದೊರೆಯನ್ನು ಕತ್ತಿಯಿಂದಲೇ ಕೊಂದ ಒರ್ಲಾಂಡೊ, ಗೆದ್ದ ಸೊತ್ತಿನಲ್ಲಿ ಆ ಕೋವಿಯೊಂದನ್ನೇ ತೆಗೆದುಕೊಂಡು ನಡುಗಡಲಿನಲ್ಲಿ ಮುಳುಗಿಸಿಬಿಡುತ್ತಾನೆ.

ಕವಿಗೆ ಅಲ್ಲಿಗೇ ನಿಲ್ಲಿಸಬಹುದಾಗಿತ್ತು. ಎರಡು ಸರ್ಗಗಳ ತರುವಾಯ, ಅದನ್ನು ಮತ್ತೆ ಮೇಲೆತ್ತಿದರೆಂದು ಅವನೇ ಹೇಳುತ್ತಾನೆ. ಅವನಿಗೆ ಆಶ್ರಯವಿತ್ತ ಫೆರಾರಾದ ದೊರೆ ಆಲ್ಫಾನ್ಸೊ ಫಿರಂಗಿಗಳ ಎರಕಕ್ಕೆ ಖ್ಯಾತನಾಗಿದ್ದನೆಂಬುದನ್ನು ವಾಚಕರು ನೆನೆಯಬೇಕು. ಕೋವಿ ಮುಳುಗುವ ವಸ್ತುವಲ್ಲವೆಂದು ಕವಿ ಅರಮನೆಯಲ್ಲಿಯೇ ಕಂಡಿದ್ದನು.

ಅವನ ದುಃಖವು ಸಾವಿಗಾಗಿ ಅಲ್ಲ, ಕತ್ತಿಯೂ ಕೊಲ್ಲುತ್ತದೆ. ಆದರೆ ಕತ್ತಿ ಹಿಡಿದವನು ವೈರಿಯ ಬಳಿಸಾರಿ ಅವನ ಮುಖವನ್ನು ನೋಡಲೇಬೇಕು. ಹಾಗೆ ನೋಡಿದ್ದರಿಂದಲೇ ಆ ಇಬ್ಬರು ಒಂದೇ ಕುದುರೆಯನ್ನೇರಬಲ್ಲವರಾದರು.