ಡಿಸ್ಕ್ ತರೋದಾದ್ರೆ ಅದರ ಸಂಸಾರಾನೂ ತನ್ನಿ

ಮೊನ್ನೆ ಭಾನುವಾರ ಬೆಳಿಗ್ಗೆ, ಕಾಫಿ ಲೋಟ ಇನ್ನೂ ಕೈಲಿತ್ತು, ಅಕ್ಕನ ಮಗ ಫೋನ್ ಮಾಡಿದ. "ಮಾವ, ಶಿವಾಜಿನಗರದ ಗುಜರೀಲಿ ದೊಡ್ಡ ಸೆಡಾನಿಂದು ಮುಂದಿನ ಡಿಸ್ಕು, ಕ್ಯಾಲಿಪರ್ ಜೋಡಿ ಸಿಕ್ಕಿದೆ. 288 ಮಿಲಿಮೀಟರ್! ಸಂಜೆಯೊಳಗೆ ಹಾಕಿಸಿಬಿಡ್ತೀನಿ, ನೀವೂ ಬನ್ನಿ" ಅಂದ. ಇವನದ್ದೊಂದು ಪುಟ್ಟ ಟರ್ಬೊ ಹ್ಯಾಚ್‌ಬ್ಯಾಕ್. ಹೋದ ವರ್ಷ ಅದರ ಇಂಜಿನ್ನಿಗೆ ರೀಮ್ಯಾಪ್ ಮಾಡಿಸಿ ಕುದುರೆ ಜಾಸ್ತಿ ಮಾಡಿಸಿಕೊಂಡಿದ್ದಾನೆ.

"ಟೈರ್ ಯಾವ ವರ್ಷದ್ದೋ?" ಅಂದೆ. ಸುಮ್ಮನಾದ. "ಬ್ರೇಕ್ ಆಯಿಲ್ ಯಾವಾಗ ಬದಲಾಯಿಸಿದ್ದು?" ಅಂದೆ. "ಅದೆಲ್ಲ ಸರ್ವೀಸಲ್ಲಿ ಮಾಡಿರ್ತಾರಲ್ವಾ ಮಾವ?" ಅಂದ.

ಮಾಡಿರ್ತಾರಂತೆ! ಈ ಒಂದು ಮಾತಿಗೇ ಇವತ್ತಿನ ಪೋಸ್ಟು. ಕಾರಿನ ವಿಷಯ ಬೋರು ಅನ್ನೋರು ಕ್ಷಮಿಸಿ, ಮುಂದಿನ ವಾರ ಬೇರೆ ಏನಾದ್ರೂ ಬರೀತೀನಿ :-)

ನಮ್ಮಲ್ಲಿ ಬ್ರೇಕಿನ ವಿಷಯದಲ್ಲಿ ಎರಡು ಪಂಗಡ ಇದೆ. ಒಂದು, "ಕಂಪನಿಯವ್ರಿಗೆ ಗೊತ್ತಿಲ್ಲದ್ದು ನಿನಗೆ ಗೊತ್ತಾ? ಮುಟ್ಟಬೇಡ" ಅನ್ನೋರು. ಇನ್ನೊಂದು, ದೊಡ್ಡ ಕಾರಿಂದ ದೊಡ್ಡ ಡಿಸ್ಕ್ ಕಿತ್ತು ತಂದು, ಕ್ಯಾಲಿಪರಿಗೆ ಕೆಂಪು ಬಣ್ಣ ಬಳಿದು, "ಈಗ ನೋಡು, ಕಲ್ಲು ಕಚ್ಚಿದ ಹಾಗೆ ನಿಲ್ಲುತ್ತೆ" ಅನ್ನೋರು. ಎರಡೂ ಪಂಗಡದ ಮೇಲೆ ನನಗೆ ಸಿಟ್ಟಿದೆ. ಎರಡನೆಯದರ ಮೇಲೆ ಸ್ವಲ್ಪ ಜಾಸ್ತಿ, ಯಾಕಂದ್ರೆ ನಾನೂ ಅಲ್ಲೇ ಇದ್ದವನು.

ಮೊದಲು ಕಂಪನಿ ಭಕ್ತರಿಗೆ ಹೇಳಿಬಿಡ್ತೀನಿ. ಅಲ್ಲಾ ಸ್ವಾಮಿ, ಬೇರೆ ಮಾಡೆಲ್ಲಿನ ಬ್ರೇಕ್ ತಂದು ಹಾಕೋ ವಿದ್ಯೆ ಕಂಡುಹಿಡಿದಿದ್ದೇ ಕಂಪನಿಗಳು! ನಾಲ್ಕನೇ ತಲೆಮಾರಿನ ಫೋಕ್ಸ್‌ವ್ಯಾಗನ್ ಗಾಲ್ಫ್ ನೋಡಿ. ಸಾದಾ ಇಂಜಿನ್ನಿಗೆ 280 ಮಿ.ಮೀ. ಡಿಸ್ಕ್, ಜೋರಿನದಕ್ಕೆ 288, ಇನ್ನೂ ಜೋರಿನದಕ್ಕೆ 312. ಆದ್ರೆ ಕ್ಯಾಲಿಪರಿನ ಪಿಸ್ಟನ್ ಮಾತ್ರ ಅದೇ 54 ಮಿ.ಮೀ. ಕ್ಯಾಲಿಪರನ್ನ ಹೊರಕ್ಕೆ ಹಿಡಿಯೋ ಬ್ರ್ಯಾಕೆಟ್ಟು, ಡಿಸ್ಕಿನ ಅಗಲ, ಇಂಥವನ್ನ ಬದಲಾಯಿಸಿಕೊಂಡು ಒಂದೇ ಸಂಸಾರದೊಳಗೆ ಆಟ ಆಡಿದ್ದಾರೆ. ನಮ್ಮ ದೇಶದ್ದೇ ಉದಾಹರಣೆ ಬೇಕಾ? 2013ರಲ್ಲಿ ಬಂದ ಪೋಲೋ ಜಿಟಿ ಟಿಎಸ್ಐಗೆ 105 ಕುದುರೆ, ಹಿಂದೆ ಡ್ರಮ್ಮು. 2016ರಲ್ಲಿ ಬರೀ 99 ಕಾರು ತರಿಸಿ ಮಾರಿದ ಪೋಲೋ ಜಿಟಿಐಗೆ 192 ಕುದುರೆ, ನಾಲ್ಕೂ ಕಡೆ ಡಿಸ್ಕು. ಹೆಸರು ಅದೇ, ಬಾಡಿ ಹೆಚ್ಚುಕಮ್ಮಿ ಅದೇ. ಅಂದ್ರೆ ಕುದುರೆ ಜಾಸ್ತಿ ಆದ್ರೆ ಬ್ರೇಕೂ ಜಾಸ್ತಿ ಬೇಕು ಅಂತ ಕಂಪನಿಗೇ ಗೊತ್ತು. ರೀಮ್ಯಾಪ್ ಮಾಡಿಸಿ ಕುದುರೆ ಏರಿಸಿಕೊಂಡವನಿಗೆ "ಬ್ರೇಕ್ ಮುಟ್ಟಬೇಡ" ಅನ್ನೋದು ಯಾವ ಸೀಮೆ ಬುದ್ಧಿವಾದ?

ಫಿಯಟ್ ಪ್ರಿಯರ ಕಥೆ ಇನ್ನೂ ಚೆನ್ನಾಗಿದೆ. ಪುಂಟೋದ ಸ್ಟೀರಿಂಗ್, ಸಸ್ಪೆನ್ಷನ್ ಕೊಂಡಾಡೋರು ಇವತ್ತಿಗೂ ಇದ್ದಾರೆ, ಆದ್ರೆ ಅದರಲ್ಲಿ ಮಾಮೂಲಿ ಗಾಡಿಗಳಿಗೆ ಹಿಂದೆ ಡ್ರಮ್ಮೇ. 2010ರಲ್ಲಿ ಬಂದ ಲೀನಿಯಾ ಟಿ-ಜೆಟ್ಟಿಗೆ ಹಿಂದೆ ಡಿಸ್ಕ್ ಕೊಟ್ಟರು. ಎರಡೂ ಹತ್ತಿರದ ನೆಂಟರು. ಟಿ-ಜೆಟ್ಟಿನ ಹಿಂದಿನ ಭಾಗ ತಂದು ಪುಂಟೋಗೆ ಕೂರಿಸಿದ ಹುಡುಗರನ್ನ ಹುಚ್ಚರು ಅಂದವರು, 2015ರಲ್ಲಿ ಅಬಾರ್ಥ್ ಪುಂಟೋ 145 ಕುದುರೆ, ನಾಲ್ಕು ಡಿಸ್ಕ್ ಹೊತ್ತು ಷೋರೂಮಿಗೇ ಬಂದಾಗ ಬಾಯಿ ಮುಚ್ಚಿಕೊಂಡರು.

ಸರಿ, ಈಗ ನಮ್ಮ ಪಂಗಡ.

"ದೊಡ್ಡ ಡಿಸ್ಕ್ ಹಾಕಿದ್ರೆ ಬೇಗ ನಿಲ್ಲುತ್ತೆ." ಈ ಮಾತು ಕೇಳಿದಾಗಲೆಲ್ಲ ಮೈ ಉರಿಯುತ್ತೆ. ಗಾಡಿ ನಿಲ್ಲಿಸೋದು ಡಿಸ್ಕ್ ಅಲ್ಲ ಕಣ್ರಪ್ಪ, ಟೈರು. ಡಿಸ್ಕ್ ಚಕ್ರವನ್ನ ನಿಲ್ಲಿಸುತ್ತೆ, ಟೈರು ಕಾರನ್ನ ನಿಲ್ಲಿಸುತ್ತೆ. ಜೋರಾಗಿ ಒತ್ತಿದಾಗ ಎಬಿಎಸ್ ಗಡಗಡ ಅಂತ ಕಾಲಿಗೆ ಬಡಿಯುತ್ತಾ? ಹಾಗಾದ್ರೆ ಈಗಿರೋ ಡಿಸ್ಕೇ ಚಕ್ರವನ್ನ ಲಾಕ್ ಮಾಡೋಷ್ಟು ಶಕ್ತಿ ಇಟ್ಟುಕೊಂಡಿದೆ ಅಂತ ಅರ್ಥ. ಇನ್ನು ಮೇಲೆ ಎಷ್ಟು ದೊಡ್ಡ ಡಿಸ್ಕ್ ತಂದ್ರೂ ಆ ಒಂದು ಸಲದ ನಿಲುಗಡೆ ಒಂದಡಿ ಕೂಡ ಕಮ್ಮಿ ಆಗಲ್ಲ.

ಲೆಕ್ಕ ಹಾಕಿ ನೋಡಿ. ಗಂಟೆಗೆ 100 ಕಿ.ಮೀ. ವೇಗದಲ್ಲಿದ್ದೀರಿ. ಟೈರಿನ ಹಿಡಿತ ಗುರುತ್ವದ 0.9 ಪಾಲು ಇದ್ರೆ ಬ್ರೇಕ್ ಹಿಡಿದ ಮೇಲೆ ಸುಮಾರು 44 ಮೀಟರಿಗೆ ನಿಲ್ಲುತ್ತೀರಿ. ಗಟ್ಟಿಯಾಗಿ ಬಿರುಕು ಬಿಟ್ಟ ಹಳೇ ಟೈರಾಗಿ ಅದು 0.7ಕ್ಕೆ ಇಳಿದ್ರೆ 56 ಮೀಟರ್. ಹನ್ನೆರಡು ಮೀಟರ್ ವ್ಯತ್ಯಾಸ! ಮೂರು ಪುಟ್ಟ ಕಾರು ಸಾಲಾಗಿ ನಿಲ್ಲಿಸೋ ಜಾಗ. ಟೈರಿನ ಪಕ್ಕದಲ್ಲಿ ಕೊನೆಗೆ ನಾಲ್ಕು ಅಂಕಿ ಇರುತ್ತೆ, 2317 ಅಂತಿದ್ರೆ 2017ರ 23ನೇ ವಾರದಲ್ಲಿ ಹುಟ್ಟಿದ್ದು. ಎದ್ದು ಹೋಗಿ ನೋಡ್ಕೊಂಡು ಬನ್ನಿ, ನಾನಿಲ್ಲೇ ಇರ್ತೀನಿ.

ಹಾಗಾದ್ರೆ ದೊಡ್ಡ ಡಿಸ್ಕ್ ಯಾಕೆ ಬೇಕು? ಒಂದನೇ ಸಲ ನಿಲ್ಲೋದಕ್ಕಲ್ಲ, ಹತ್ತನೇ ಸಲ ನಿಲ್ಲೋದಕ್ಕೆ. ಬ್ರೇಕ್ ಅಂದ್ರೆ ವೇಗವನ್ನ ಬಿಸಿ ಮಾಡಿ ಗಾಳಿಗೆ ಬಿಡೋ ಯಂತ್ರ. ದಪ್ಪ, ಅಗಲ ಡಿಸ್ಕು ಜಾಸ್ತಿ ಬಿಸಿ ಹೀರುತ್ತೆ, ನಡುವೆ ಗಾಳಿಗಂಡಿ ಇದ್ರೆ ಬೇಗ ಬಿಡುತ್ತೆ. 1200 ಕೆಜಿ ತೂಕದ ಕಾರು ನೂರು ಮೀಟರ್ ಕೆಳಕ್ಕೆ ಇಳಿದ್ರೆ ಬರೋ ಶಕ್ತಿ, 100ರ ವೇಗದಿಂದ ಎರಡೂವರೆ ಸಲ ಪೂರ್ತಿ ನಿಲ್ಲಿಸಿದಷ್ಟಾಗುತ್ತೆ. ಐನೂರು ಮೀಟರ್ ಇಳಿಯೋ ಘಾಟಿ ಅಂದುಕೊಳ್ಳಿ, ಹನ್ನೆರಡು ಸಲ ಆಯ್ತು. ಇಂಜಿನ್ನು ಗೇರಲ್ಲಿದ್ರೆ ಅದರಲ್ಲಿ ಒಂದು ಪಾಲು ತಾನು ಹೊರುತ್ತೆ. ನ್ಯೂಟ್ರಲ್ಲಲ್ಲಿ ಪೆಟ್ರೋಲ್ ಉಳಿಸ್ತಾ ಇಳಿಯೋ ಮಹಾನುಭಾವರಿಗೆ ಪೂರ್ತಿ ಡಿಸ್ಕಿನ ತಲೆ ಮೇಲೆ.

ಇದನ್ನ ನಾನು ಪುಸ್ತಕ ಓದಿ ಕಲಿತಿದ್ದಲ್ಲ. 2017ರ ಡಿಸೆಂಬರ್. ಧರ್ಮಸ್ಥಳಕ್ಕೆ ಹೊರಟಿದ್ವಿ, ನಾನು, ನನ್ನಾಕೆ, ಹಿಂದಿನ ಸೀಟಲ್ಲಿ ಮಗಳು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಚಾರ್ಮಾಡಿ ಇಳಿಯೋಕೆ ಶುರು ಮಾಡಿದೆ. ಅದಕ್ಕೆ ಎರಡು ತಿಂಗಳ ಹಿಂದಷ್ಟೇ ನನ್ನ ಪುಟ್ಟ ಕಾರಿಗೆ ಅದೇ ಕಂಪನಿಯ ದೊಡ್ಡ ಮಾಡೆಲ್ಲಿನ ಮುಂದಿನ ಬ್ರೇಕ್ ಹಾಕಿಸಿದ್ದೆ. ಜಂಬ ಇತ್ತು ಅಂತ ಬೇರೆ ಹೇಳಬೇಕಾ? ತಿರುವಿನ ತನಕ ಗಾಡಿ ಬಿಟ್ಟು, ಕೊನೇಲಿ ಗಕ್ಕನೆ ಒತ್ತಿ, ಮತ್ತೆ ಬಿಟ್ಟು... ಆರೋ ಏಳೋ ತಿರುವಾದ ಮೇಲೆ ಒತ್ತಿದ್ರೆ ಪೆಡಲ್ಲು ಮೆತ್ತಗೆ, ಒದ್ದೆ ಸ್ಪಂಜು ತುಳಿದ ಹಾಗೆ. ಇನ್ನೊಂದು ಸಲ ಒತ್ತಿದೆ, ನೆಲಕ್ಕೆ ಹೋಯ್ತು.

ಏನು ಮಾಡಿದೆ ಅಂತ ಸರಿಯಾಗಿ ನೆನಪಿಲ್ಲ. ಎರಡನೇ ಗೇರು, ಒಂದನೇ ಗೇರು, ಇಂಜಿನ್ನು ಕಿರುಚಿದ್ದು, ಹ್ಯಾಂಡ್ ಬ್ರೇಕ್ ಎಳೆದಿದ್ದು ನೆನಪಿದೆ. ಹಿಂದಿನ ಡ್ರಮ್ಮಿಗೆ ತಂತಿಯಲ್ಲಿ ಕಟ್ಟಿದ ಹ್ಯಾಂಡ್ ಬ್ರೇಕು, ಆಯಿಲ್ಲಿನ ಹಂಗಿಲ್ಲದ್ದು, ಅದೇ ಅವತ್ತು ಕಾಪಾಡಿದ್ದು. ತಡೆಗೋಡೆಗೆ ಮೂರಡಿ ಇರುವಾಗ ನಿಂತಿತು. ಮಗಳು "ಅಪ್ಪ, ಏನೋ ಸುಟ್ಟ ವಾಸನೆ" ಅಂದಳು. ನನ್ನಾಕೆ ಏನೂ ಅನ್ನಲಿಲ್ಲ. (ಅದು ಇನ್ನೂ ಭಯ.)

ತಮಾಷೆ ಏನು ಗೊತ್ತಾ? ಅರ್ಧ ಗಂಟೆ ಬಿಟ್ಟು ಒತ್ತಿದ್ರೆ ಪೆಡಲ್ಲು ಗಟ್ಟಿ! ಏನೂ ಆಗೇ ಇಲ್ಲ ಅನ್ನೋ ಹಾಗೆ. ಉಜಿರೆ ತನಕ ಒಂದನೇ ಗೇರಲ್ಲಿ ತೆವಳಿಕೊಂಡು ಹೋಗಿ ಒಬ್ಬ ಹಿರಿಯ ಮೆಕ್ಯಾನಿಕ್ಕಿಗೆ ತೋರಿಸಿದೆ. ಅವರು ಡಿಸ್ಕಿನ ಕಡೆ ನೋಡಲೇ ಇಲ್ಲ. ಕ್ಯಾಲಿಪರಿನ ನಿಪ್ಪಲ್ ಬಿಚ್ಚಿ ನಾಲ್ಕು ಹನಿ ಆಯಿಲ್ ಬೆರಳಿಗೆ ಹಚ್ಚಿ ನನ್ನ ಮುಖದ ಮುಂದೆ ಹಿಡಿದರು. ಫಿಲ್ಟರ್ ಕಾಫಿ ಡಿಕಾಕ್ಷನ್ ಬಣ್ಣ. "ಇದನ್ನ ಎಷ್ಟು ವರ್ಷ ಇಟ್ಟಿದ್ದೀರಿ ಮಾರಾಯ್ರೆ?"

ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಕುಡಿಯುತ್ತೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅನ್ನೋದು ನಿಯಮ. ತೇವ ಕುಡಿದ ಮೇಲೆ ಆ ಮಿತಿ 155. ಡಾಟ್ 3 ಆದ್ರೆ 205, ತೇವ ಕುಡಿದ ಮೇಲೆ 140. ಕುದ್ದ ಕೂಡಲೇ ಪೈಪಿನೊಳಗೆ ಆವಿಯ ಗುಳ್ಳೆ. ಆಯಿಲ್ಲನ್ನ ಅಮುಕಿ ಕುಗ್ಗಿಸೋಕಾಗಲ್ಲ, ಆವಿಯನ್ನ ಕುಗ್ಗಿಸಬಹುದು. ನಿಮ್ಮ ಕಾಲಿನ ಒತ್ತಡವೆಲ್ಲ ಗುಳ್ಳೆ ಹಿಸುಕೋದಕ್ಕೇ ಮುಗಿಯುತ್ತೆ. ತಣ್ಣಗಾದ್ರೆ ಗುಳ್ಳೆ ಮಾಯ, ಪೆಡಲ್ಲು ವಾಪಸ್. ಅದಕ್ಕೇ ಎಷ್ಟೋ ಜನಕ್ಕೆ ತಮ್ಮ ಗಾಡಿಗೆ ಏನಾಯ್ತು ಅಂತ ಕೊನೇವರೆಗೂ ಗೊತ್ತಾಗಲ್ಲ. ಡಿಸ್ಕ್ ಹಾಕಿದ ಗ್ಯಾರೇಜಿನವರು (ಹೆಸರು ಬೇಡ) ಹಳೇ ಆಯಿಲ್ ಮೇಲೆ ಸ್ವಲ್ಪ ಹೊಸದು ಸುರಿದು, ಬಿಲ್ಲಲ್ಲಿ ಪೂರ್ತಿ ಲೀಟರ್ ಬರೆದಿದ್ದರು. ಅವರನ್ನ ಬೈಯೋದು ಸುಲಭ. ಆದ್ರೆ ಮೂವತ್ತು ಸಾವಿರ ಕೊಟ್ಟು ಡಿಸ್ಕಿನ ಫೋಟೋ ಇಪ್ಪತ್ತು ತೆಗೆದ ನಾನು, ಕೆಲವು ನೂರು ರೂಪಾಯಿಯ ಆಯಿಲ್ ಡಬ್ಬ ಎಲ್ಲಿ ಅಂತ ಕೇಳಲಿಲ್ಲ. ತಪ್ಪು ನನ್ನದೇ.

ಈಗ ಸಂಸಾರದ ವಿಷಯ. ದೊಡ್ಡ ಕಾರಿನ ಡಿಸ್ಕ್ ಒಂಟಿಯಾಗಿ ಬದುಕಿದ್ದಲ್ಲ. ಅದಕ್ಕೊಂದು ಮಾಸ್ಟರ್ ಸಿಲಿಂಡರ್ ಇತ್ತು, ಬೂಸ್ಟರ್ ಇತ್ತು, ಹಿಂದಿನ ಬ್ರೇಕಿನ ಜೊತೆ ಒಂದು ಒಪ್ಪಂದ ಇತ್ತು. ಪಿಸ್ಟನ್ 54ರ ಬದಲು 57 ಮಿ.ಮೀ. ಆದ್ರೆ ಅದರ ವಿಸ್ತೀರ್ಣ ಶೇಕಡಾ 11ರಷ್ಟು ಹೆಚ್ಚಾಯ್ತು, ಅಷ್ಟೇ ಹೆಚ್ಚು ಆಯಿಲ್ ತಳ್ಳಬೇಕು. ಮಾಸ್ಟರ್ ಸಿಲಿಂಡರ್ ಹಳೇ ಚಿಕ್ಕದೇ ಇದ್ರೆ ಪೆಡಲ್ಲು ಇನ್ನಷ್ಟು ಕೆಳಗೆ ಹೋಗುತ್ತೆ. ಸಿಲಿಂಡರ್ ತೀರ ದೊಡ್ಡದು ಹಾಕಿದ್ರೆ ಪೆಡಲ್ಲು ಗಟ್ಟಿ, ಆದ್ರೆ ಒದ್ದಷ್ಟೂ ಬ್ರೇಕ್ ಕಮ್ಮಿ. ಗಟ್ಟಿ ಪೆಡಲ್ಲು ಅಂದ್ರೆ ಒಳ್ಳೆ ಬ್ರೇಕು ಅಂದುಕೊಂಡವರು ದಯವಿಟ್ಟು ಈ ಸಾಲು ಇನ್ನೊಂದು ಸಲ ಓದಿ.

ಪಿಸ್ಟನ್ ಅದೇ ಇಟ್ಟು 256ರಿಂದ 288ರ ಡಿಸ್ಕಿಗೆ ಹೋದ್ರೆ? ಅದೇ ಒತ್ತಡಕ್ಕೆ ಮುಂದಿನ ಚಕ್ರದ ಮೇಲೆ ಶೇಕಡಾ ಹನ್ನೆರಡು ಹದಿಮೂರರಷ್ಟು ಬ್ರೇಕ್ ಜಾಸ್ತಿ. ಹಿಂದಿನದು ಹಾಗೇ ಇದೆ. ಅಂದ್ರೆ ಮುಂದಿನ ಟೈರು ಮೊದಲಿಗಿಂತ ಬೇಗ ಸೋಲುತ್ತೆ, ಹಿಂದಿನ ಟೈರಿನ ಹಿಡಿತ ದಂಡ. ದುಡ್ಡು ಕೊಟ್ಟು ನಿಲುಗಡೆಯ ದೂರ ಜಾಸ್ತಿ ಮಾಡಿಸಿಕೊಂಡ ಹಾಗೆ! ಉಲ್ಟಾ ಮಾಡಿ ಹಿಂದೆ ದೊಡ್ಡದು ಹಾಕಿ, ಎಬಿಎಸ್ ಇಲ್ಲದ ಹಳೇ ಗಾಡಿಯಾದ್ರೆ ಮಳೆಯಲ್ಲಿ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಕಾರು ಬುಗುರಿ ಥರ ತಿರುಗುತ್ತೆ. ಇವೆರಡರಲ್ಲಿ ಮೊದಲನೆಯದು ದಡ್ಡತನ, ಎರಡನೆಯದು ಸಾವು.

ರೋಗ ಎಲ್ಲೋ ಇದ್ದು ಮದ್ದು ಎಲ್ಲೋ ಹಚ್ಚೋದಕ್ಕೆ ಹಳೇ ಉದಾಹರಣೆ ಅಂದ್ರೆ ಮೊದಲ ತಲೆಮಾರಿನ ಗಾಲ್ಫ್ ಜಿಟಿಐ. ಇಂಗ್ಲೆಂಡಿನ ಬಲಗೈ ಸ್ಟೀರಿಂಗ್ ಗಾಡಿಗಳ ಬ್ರೇಕ್ ಭಾರೀ ಬೈಸಿಕೊಂಡಿತ್ತು. ಯಾಕೆ? ಬೂಸ್ಟರ್, ಸಿಲಿಂಡರ್ ಎಲ್ಲ ಎಡಗಡೆಯೇ ಉಳಿಸಿ, ಬಲಗಡೆಯ ಪೆಡಲ್ಲಿಂದ ಅಲ್ಲಿಗೆ ಅಡ್ಡಡ್ಡ ಒಂದು ಸರಳಿನ ಜೋಡಣೆ ಕೊಟ್ಟಿದ್ದರು. ಒತ್ತಿದ ಬಲದಲ್ಲಿ ಒಂದಿಷ್ಟು ಆ ಜೋಡಣೆ ಬಾಗೋದಕ್ಕೇ ಹೋಗ್ತಿತ್ತು. ಅಂಥ ಗಾಡಿಗೆ ಎಷ್ಟು ದೊಡ್ಡ ಡಿಸ್ಕ್ ಹಾಕಿದ್ರೂ ಸರಳು ಬಾಗೋದು ನಿಲ್ಲುತ್ತಾ?

ಚಿಕ್ಕಪುಟ್ಟದ್ದು ಇನ್ನೂ ಇದೆ. ದೊಡ್ಡ ಕ್ಯಾಲಿಪರಿಗೆ 15 ಇಂಚಿನ ರಿಮ್ಮೇ ಬೇಕಾಗುತ್ತೆ, ಆದ್ರೆ ಡಿಕ್ಕಿಯಲ್ಲಿರೋದು 14 ಇಂಚಿನ ಸ್ಟೆಪ್ನಿ. ಪಂಕ್ಚರ್ ಆದ ರಾತ್ರಿ ಗೊತ್ತಾಗುತ್ತೆ ಅದು ಕೂರಲ್ಲ ಅಂತ. ಹಳೇ ರಬ್ಬರ್ ಪೈಪು ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಬಿಗಿಯಾಗುತ್ತೆ. ಗುಜರಿಯಿಂದ ತಂದ ಕ್ಯಾಲಿಪರಿನ ಸೀಲು, ಪಿನ್ನು ಬದಲಾಯಿಸದೆ ಹಾಕೋರಿಗೆ ಏನು ಹೇಳೋದು. ವಿಮೆಯವರಿಗೆ ತಿಳಿಸದೆ ಮಾಡಿದ ಬದಲಾವಣೆ ನಾಳೆ ಕ್ಲೇಮ್ ಹೊತ್ತಲ್ಲಿ ಅವರಿಗೊಂದು ನೆಪ ಅನ್ನೋದೂ ನೆನಪಿರಲಿ.

ನನ್ನ ಕಾರಲ್ಲಿ ಆ ದೊಡ್ಡ ಡಿಸ್ಕು ಈಗಲೂ ಇದೆ. ಕಿತ್ತು ಹಾಕಲಿಲ್ಲ. ಹೊಸ ಟೈರು, ಎರಡು ವರ್ಷಕ್ಕೊಮ್ಮೆ ಹೊಸ ಆಯಿಲ್ಲು, ಬಿಸಿ ತಡೆಯೋ ಪ್ಯಾಡು, ಅಳತೆಗೆ ಸರಿಯಾದ ಮಾಸ್ಟರ್ ಸಿಲಿಂಡರು ಬಂದ ಮೇಲೆ ಚಾರ್ಮಾಡಿಯಲ್ಲಿ ಮತ್ತೆ ಇಳಿದಿದ್ದೇನೆ, ಆಗುಂಬೆಯ ಹದಿನಾಲ್ಕು ತಿರುವೂ ಇಳಿದಿದ್ದೇನೆ. ಪೆಡಲ್ಲು ಮೊದಲ ತಿರುವಲ್ಲಿ ಹೇಗಿತ್ತೋ ಕೊನೇದರಲ್ಲೂ ಹಾಗೇ ಇತ್ತು. ಈಗ ಗೇರಲ್ಲೇ ಇಳಿಯೋದು ಬೇರೆ ಕಲಿತಿದ್ದೇನೆ ಅನ್ನಿ.

ಸೋದರಳಿಯನಿಗೆ ಅವತ್ತು ಇಷ್ಟೇ ಹೇಳಿದೆ. "ಗುಜರಿಯವನಿಗೆ ಮುಂಗಡ ಕೊಟ್ಟು ಬಾ. ಆದ್ರೆ ಅದೇ ಸೆಡಾನಿನ ಮಾಸ್ಟರ್ ಸಿಲಿಂಡರಿನ ಅಳತೆ ಬರ್ಕೊಂಡು ಬಾ, ಹಿಂದಿನ ಬ್ರೇಕ್ ಏನಿತ್ತು ಅಂತ ನೋಡ್ಕೊಂಡು ಬಾ, ಫೋಟೋ ತೆಗಿ." ಸಂಜೆ ನಾಲ್ಕು ಫೋಟೋ ಕಳಿಸಿದ. ಮೂರು ಕೆಂಪು ಕ್ಯಾಲಿಪರಿಂದು. ನಾಲ್ಕನೇದು ಅವನ ಟೈರಿನ ಪಕ್ಕದ ನಾಲ್ಕು ಅಂಕಿ: 0916.

ಈ ಶನಿವಾರ ಟೈರಿನ ಅಂಗಡಿಗೆ ಹೋಗ್ತಿದ್ದೀವಿ.