ರೈ ಕೂಡರ್ ಎಂಬ ಗಿಟಾರ್ ವಾದಕ

ಹೆಬ್ಬಾಳ, ಆರ್.ಟಿ. ನಗರ, ಯಲಹಂಕಗಳ ಕಡೆ ಸಂಜೆಯ ಹೊತ್ತು ಗಿಟಾರನ್ನು ಹೆಗಲಿಗೇರಿಸಿಕೊಂಡು ಪಾಠಕ್ಕೆ ಹೊರಟ ಮಕ್ಕಳು ನಮ್ಮ ಕಣ್ಣಿಗೆ ಬೀಳುತ್ತಲೇ ಇರುತ್ತಾರೆ. ಮನೆಯ ಹಿರಿಯರು ಅದನ್ನು ಗದ್ದಲವೆಂದು ಭಾವಿಸಿ ಮುಖ ಸಿಂಡರಿಸುವುದೂ ಉಂಟು. ಆ ಗದ್ದಲದ ಬೇರಿನಲ್ಲಿ ಎಂಥ ನೋವು, ಎಂಥ ಸಾಧನೆ ಅಡಗಿವೆಯೆಂಬುದನ್ನು ಈ ತಿಂಗಳು ಅಮೆರಿಕದ ಒಬ್ಬ ವಾದಕರ ಮೂಲಕ ಓದುಗರಿಗೆ ಅರಿಕೆ ಮಾಡಬಯಸುತ್ತೇವೆ.

ರೈ ಕೂಡರ್ 1947ರ ಮಾರ್ಚ್ 15ರಂದು ಲಾಸ್ ಏಂಜಲೀಸ್‌ನಲ್ಲಿ ಜನಿಸಿದರು. ಎಳವೆಯಲ್ಲಿಯೇ ಚಾಕು ತಗುಲಿ ಎಡಗಣ್ಣು ಹೋಯಿತು. ಹದಿಹರೆಯದಲ್ಲಿ ಆ ನಗರದ ಆಷ್ ಗ್ರೋವ್ ಎಂಬ ಸಭಾಂಗಣಕ್ಕೆ ಬರುತ್ತಿದ್ದ ವೃದ್ಧ ಬ್ಲೂಸ್ ಗಾಯಕರ ಬೆರಳುಗಳನ್ನೇ ನೋಡುತ್ತ ಕಲಿತರು. ಬ್ಲೂಸ್ ಎಂಬುದು ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ, ಗುಲಾಮಗಿರಿ ಹೋದರೂ ಹತ್ತಿಯ ಹೊಲದ ದುಡಿಮೆ ಬಿಡದ ಕಪ್ಪು ಜನರ ನಡುವೆ ಹುಟ್ಟಿದ ಹಾಡು. ಅದು ಬಿಳಿಯ ಹಳ್ಳಿಗರ ಹಾಡಿನೊಡನೆ ಬೆರೆತು 1950ರ ದಶಕದಲ್ಲಿ ರಾಕಬಿಲಿ ಎನಿಸಿಕೊಂಡಿತು. ಆ ಕಾಲದ ಜಾನಿ ಕ್ಯಾಶ್‌ರ ಹಾಡೊಂದರ ಹೆಸರನ್ನೇ ಕೂಡರ್ 1987ರ ತಮ್ಮ ಧ್ವನಿಮುದ್ರಿಕೆಗೆ ಇಟ್ಟರು.

ಅವರ ವಾದನದ ವೈಶಿಷ್ಟ್ಯವೆಂದರೆ ಜಾರು. ಬೆರಳಿಗೆ ಗಾಜಿನ ಕೊಳವೆಯೊಂದನ್ನು ತೊಡಿಸಿ ತಂತಿಯ ಮೇಲೆ ಜಾರಿಸಿದಾಗ ಮೆಟ್ಟಿಲುಗಳ ಹಂಗು ಕಳೆದು ಸ್ವರವು ಸ್ವರದೊಳಕ್ಕೆ ಹರಿಯುತ್ತದೆ. ವಿಚಿತ್ರವೀಣೆಯನ್ನೂ ಗೋಟುವಾದ್ಯವನ್ನೂ ಕೇಳಿದವರಿಗೆ ಇದು ಪರಕೀಯವೆನಿಸದು. ಈ ಬಗೆಯಲ್ಲಿ ಕೂಡರ್ ಗುರುವೆಂದು ಬಗೆದದ್ದು ಟೆಕ್ಸಾಸಿನ ಕುರುಡು ಗಾಯಕ ವಿಲಿ ಜಾನ್ಸನ್‌ರನ್ನು. ಬೀದಿಯಲ್ಲಿ ದೇವರ ಹಾಡು ಹಾಡುತ್ತಿದ್ದ ಜಾನ್ಸನ್ 1927ರಲ್ಲಿ ಮಾತೇ ಇಲ್ಲದ, ಬರಿಯ ಗುನುಗಿನ ಒಂದು ರಚನೆಯನ್ನು ಮುದ್ರಿಸಿ, 1945ರಲ್ಲಿ ಬಡತನದಲ್ಲಿಯೇ ತೀರಿಕೊಂಡರು. ಅದೇ ರಚನೆಯನ್ನು ಆಧರಿಸಿ ಕೂಡರ್ 1984ರಲ್ಲಿ 'ಪ್ಯಾರಿಸ್, ಟೆಕ್ಸಾಸ್' ಚಿತ್ರಕ್ಕೆ ಸಂಗೀತವಿತ್ತರು. 1977ರಲ್ಲಿ ವಾಯೇಜರ್ ನೌಕೆಗಳಲ್ಲಿಟ್ಟು ಕಳುಹಿಸಿದ ಮುದ್ರಿಕೆಯಲ್ಲಿ ಆ ಗುನುಗೂ ಇದೆ, ಕೇಸರಬಾಯಿ ಕೇರ್ಕರರ ಭೈರವಿಯೂ ಇದೆ. ಕೇಸರಬಾಯಿಯವರು ಅಲ್ಲಾದಿಯಾ ಖಾನರ ಶಿಷ್ಯೆ. ನಮ್ಮ ಮಲ್ಲಿಕಾರ್ಜುನ ಮನಸೂರರು ಕಲಿತದ್ದು ಅದೇ ಖಾನರ ಮಕ್ಕಳಲ್ಲಿ.

ಜಾನ್ಸನ್‌ರ ಬಾಳನ್ನು ಓದಿದಾಗ ನಮಗೆ ಗದುಗಿನ ನೆನಪಾಗದೆ ಇರಲಿಲ್ಲ. ಪಂಚಾಕ್ಷರಿ ಗವಾಯಿಗಳೂ (1892–1944) ಅವರದೇ ಕಾಲದವರು, ಅಂಧರು. ಆದರೆ ಅವರಿಗೆ ಹಾನಗಲ್ಲ ಕುಮಾರಸ್ವಾಮಿಗಳ ಆಶ್ರಯ ದೊರೆಯಿತು. ವೀರೇಶ್ವರ ಪುಣ್ಯಾಶ್ರಮವೂ ಪುಟ್ಟರಾಜರಂಥ ಉತ್ತರಾಧಿಕಾರಿಯೂ ದೊರೆತರು. ಜಾನ್ಸನ್‌ರಿಗೆ ಇವಾವುವೂ ದೊರೆಯಲಿಲ್ಲ.

2003ರ ಏಪ್ರಿಲ್‌ನಲ್ಲಿ ಮೇಖ್ರಿ ವೃತ್ತದ ಬಳಿಯ ಅರಮನೆ ಮೈದಾನದಲ್ಲಿ ರೋಲಿಂಗ್ ಸ್ಟೋನ್ಸ್ ತಂಡದವರು ನುಡಿಸಿದ್ದು ಅನೇಕರಿಗೆ ನೆನಪಿರಬಹುದು. ಆ ತಂಡದ ಕೀತ್ ರಿಚರ್ಡ್ಸ್ ತಂತಿಗಳನ್ನು ಶ್ರುತಿಗೂಡಿಸುವ ಒಂದು ಕ್ರಮವನ್ನು ಕಲಿತದ್ದು ಕೂಡರ್‌ರಿಂದ. ತಮ್ಮಿಂದ ಕೊಂಡದ್ದು ಬಹಳವೆಂದು ಕೂಡರ್ ಬಹಿರಂಗವಾಗಿಯೇ ದೂರಿದರು. ನಮ್ಮ ದೃಷ್ಟಿಯಲ್ಲಿ ಅದು ಇಬ್ಬರ ಸೊತ್ತೂ ಅಲ್ಲ. ಹೆಸರುಳಿಯದ ಅದೆಷ್ಟೋ ಕಪ್ಪು ವಾದಕರದು. ಕೂಡರ್ ಮ್ಯಾಂಡೊಲಿನ್ ನುಡಿಸಿದ ಸ್ಟೋನ್ಸರ 1969ರ ಮುದ್ರಿಕೆಯಲ್ಲಿ ರಾಬರ್ಟ್ ಜಾನ್ಸನ್‌ರ ಹಾಡೊಂದಿದೆ. ಮೊದಲಿಗೆ ಅದರ ಮೇಲೆ ಕರ್ತೃವಿನ ಹೆಸರೇ ಇರಲಿಲ್ಲ. ಅಂಕಿತ ಕಿತ್ತು ವಚನ ಹಾಡುವವರನ್ನು ನಮ್ಮ ಮನೆಗಳಲ್ಲಿ ಏನೆನ್ನುತ್ತಾರೆಂದು ಬರೆಯಬೇಕಾಗಿಲ್ಲ.

ಮುಂದಿನ ದಶಕಗಳಲ್ಲಿ ಕೂಡರ್ ಮಾಡಿದ ಕೆಲಸಗಳಲ್ಲಿ ಎರಡು ಮುಖ್ಯ. 1992ರಲ್ಲಿ ಸಾಂತಾ ಬಾರ್ಬರಾದ ಧರ್ಮಶಿಕ್ಷಣ ಶಾಲೆಯೊಂದರ ಪ್ರಾರ್ಥನಾಮಂದಿರದಲ್ಲಿ ಜಯಪುರದ ವಿಶ್ವಮೋಹನ ಭಟ್ಟರೊಡನೆ ಕುಳಿತರು. ಭಟ್ಟರದು ಗಿಟಾರಿಗೆ ತರಪ್ ತಂತಿಗಳನ್ನು ಕೂಡಿಸಿದ ಮೋಹನವೀಣೆ. ಪರಿಚಯವಾದ ಸ್ವಲ್ಪ ಹೊತ್ತಿನಲ್ಲಿಯೇ ನುಡಿಸಿದ 'ಎ ಮೀಟಿಂಗ್ ಬೈ ದ ರಿವರ್' 1994ರಲ್ಲಿ ಗ್ರ್ಯಾಮಿ ಪಡೆಯಿತು. ತಾಳಕ್ಕೆ ಸುಖವಿಂದರ್ ಸಿಂಗ್‌ರ ತಬಲಾ. ಜೊತೆಗೆ ಕೂಡರ್‌ರ ಮಗ, ಹದಿನಾಲ್ಕರ ಬಾಲಕ ಜೋಆಕಿಂ.

ಎರಡನೆಯದು 1996ರಲ್ಲಿ ಹವಾನಾದಲ್ಲಿ ನಡೆದದ್ದು. ಪಾದರಕ್ಷೆಗೆ ಹೊಳಪು ಹಚ್ಚಿ ಜೀವಿಸುತ್ತಿದ್ದ ಇಬ್ರಾಹಿಂ ಫೆರೆರ್, ಮನೆಯಲ್ಲಿ ಪಿಯಾನೋ ಇಲ್ಲದ ಪಿಯಾನೋ ವಾದಕ ರುಬೆನ್ ಗೊನ್ಸಾಲೆಸ್, ತೊಂಬತ್ತರ ಸಮೀಪದ ಕೊಂಪಾಯ್ ಸೆಗುಂಡೊ ಇವರೆಲ್ಲ ಒಂದೆಡೆ ಸೇರಿದರು. 1997ರಲ್ಲಿ ಹೊರಬಂದ 'ಬುಯೆನಾ ವಿಸ್ತಾ ಸೋಷಿಯಲ್ ಕ್ಲಬ್' ಲೋಕವನ್ನೆಲ್ಲ ಸುತ್ತಿತು. ಕ್ಯೂಬಾದೊಡನೆ ವ್ಯವಹಾರ ನಿಷಿದ್ಧವಾಗಿದ್ದುದರಿಂದ ಕೂಡರ್ ತಮ್ಮ ಸರ್ಕಾರಕ್ಕೆ ದಂಡ ತೆರಬೇಕಾಯಿತು. ಬಹುಮಾನಗಳಿಗಿಂತ ಆ ದಂಡವೇ ಅವರಿಗೆ ಹೆಚ್ಚು ಶೋಭೆಯೆಂದು ನಮ್ಮ ಎಣಿಕೆ.

2022ರಲ್ಲಿ, ಎಪ್ಪತ್ತೈದರ ಕೂಡರ್ ತಮ್ಮ ಹಳೆಯ ಒಡನಾಡಿ ತಾಜ್ ಮಹಲ್‌ರೊಡನೆ (ಇದು ಗಾಯಕರೊಬ್ಬರ ಹೆಸರು, ಆಗ್ರಾದ ಕಟ್ಟಡವಲ್ಲ) ಮತ್ತೆ ಕುಳಿತರು. ಸಾನಿ ಟೆರಿ, ಬ್ರೌನಿ ಮೆಗೀ ಎಂಬ ಹಿರಿಯರ ಹಾಡುಗಳಿಗಾಗಿಯೇ ಮಾಡಿದ ಮುದ್ರಿಕೆ ಅದು. ಟೆರಿಯವರಿಗೆ ದೃಷ್ಟಿಯಿರಲಿಲ್ಲ, ಮೆಗೀಯವರ ಕಾಲು ಬಾಲ್ಯದಲ್ಲಿಯೇ ಪೋಲಿಯೋಗೆ ತುತ್ತಾಗಿತ್ತು. ಮುಂದಿನ ವರ್ಷ ಅದಕ್ಕೂ ಗ್ರ್ಯಾಮಿ ಬಂತು. ಹಿಂದೆ ತಾಳ ಹಿಡಿದು ಕುಳಿತವನು ಮಗ ಜೋಆಕಿಂ.