ದುರ್ಗಪ್ಪನ ಅರ್ಕಾವತ್ತು

ನಮ್ಮ ರೋಣ, ನರಗುಂದ ಸೀಮೆಯಲ್ಲಿ ಪಹಣಿಗೆ ‘ಉತಾರ’ ಎಂದೇ ವಾಡಿಕೆ. ಬ್ಯಾಂಕಿನ ಸಾಲಕ್ಕೆ, ಬೆಳೆ ವಿಮೆಗೆ, ಅಣ್ಣತಮ್ಮಂದಿರ ವಾಟ್ನಿಗೆ ಅದೇ ಆಧಾರ. ಒಂದು ಕಾಲಕ್ಕೆ ಅದು ತಲಾಟಿಯವರ ದಫ್ತರದಲ್ಲಿತ್ತು. ಅವರು ಊರಲ್ಲಿ ಸಿಗಬೇಕು, ಸಿಕ್ಕರೂ ಮನಸ್ಸು ಮಾಡಬೇಕು. ‘ಭೂಮಿ’ ಯೋಜನೆ ಬಂದು, 2002ರ ಹೊತ್ತಿಗೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳು ಗಣಕಯಂತ್ರ ಸೇರಿದವು. ತಾಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಉತಾರ ಕೈಗೆ ಬಂತು. ಖಾತೆ ಬದಲಾವಣೆಯ ಅರ್ಜಿಗಳೂ ಮೊದಲು ಬಂದದ್ದು ಮೊದಲು ಎಂಬ ಸರತಿಗೆ ಬಿದ್ದವು. ಕಾಗದದ ದಫ್ತರಕ್ಕೆ ಈ ಹಟ ಎಲ್ಲಿತ್ತು?

ಆದರೆ ಗಣಕದ ವ್ಯವಸ್ಥೆಗೂ ಮುಪ್ಪು ಬರುತ್ತದೆ. ಮೊದಲು ತಾಲೂಕಿಗೊಂದು ಸರ್ವರ್ ಇತ್ತು. ಆಮೇಲೆ ಮಾಹಿತಿಯೆಲ್ಲ ಬೆಂಗಳೂರಿನ ಕೇಂದ್ರಕ್ಕೆ ಹೋಯಿತು. ಈಗ ಮನೆಯಲ್ಲೇ ಕೂತು ಅಂತರ್ಜಾಲದಲ್ಲಿ ಉತಾರ ತೆಗೆಯಬಹುದು. 2018ರಲ್ಲಿ ಗಜೇಂದ್ರಗಡ ರೋಣದಿಂದ ಬೇರೆಯಾಗಿ ತಾಲೂಕಾಯಿತಲ್ಲ, ಹಿಂದಿನ ಕಾಲವಾಗಿದ್ದರೆ ಆ ದಫ್ತರ ಸಾಗಿಸಲು ಎಷ್ಟು ಚಕ್ಕಡಿ ಬೇಕಾಗುತ್ತಿದ್ದವೋ!

ಯಂತ್ರದಿಂದ ಯಂತ್ರಕ್ಕೆ ನಕಲು ಮಾಡಿದರೆ ಮುಗಿಯಿತಲ್ಲ ಎಂದು ನೀವು ಕೇಳಬಹುದು. ಹಳೆಯ ಕನ್ನಡ ಕಡತಗಳ ಮಟ್ಟಿಗೆ ಅದು ಅಷ್ಟು ಸಲೀಸಲ್ಲ. ‘ದುರ್ಗಪ್ಪ’ ಎಂಬ ಹೆಸರನ್ನೇ ನೋಡಿ. ಯೂನಿಕೋಡ್‌ಗೆ ಮುಂಚಿನ ಫಾಂಟುಗಳಲ್ಲಿ ಕಣ್ಣಿಗೆ ಕಾಣುವ ಕ್ರಮವೇ ಒಳಗೂ ಇರುತ್ತಿತ್ತು: ‘ಗ’ ಮೊದಲು, ಅರ್ಕಾವತ್ತು ನಂತರ. ಯೂನಿಕೋಡ್‌ನಲ್ಲಿ ಉಚ್ಚಾರದ ಕ್ರಮ: ‘ರ್’ ಮೊದಲು, ‘ಗ’ ಆಮೇಲೆ. ಪರದೆಯ ಮೇಲೆ ಎರಡೂ ಒಂದೇ. ಹುಡುಕಲು ಹೊರಟರೆ ಯಂತ್ರಕ್ಕೆ ಇಬ್ಬರು ಬೇರೆ ಬೇರೆ ದುರ್ಗಪ್ಪ. ಆದ್ದರಿಂದ ಸಾಗಿಸುವಾಗಲೇ ಒಂದೊಂದು ಅಕ್ಷರವನ್ನೂ ಪರಿವರ್ತಿಸಬೇಕು.

ಇದನ್ನು ತಂತ್ರಾಂಶ ಮಾಡೀತು. ಅದು ಮಾಡಲಾರದ್ದು ಇನ್ನೊಂದಿದೆ. ಎಂದೋ ಯಾರೋ ಅವಸರದಲ್ಲಿ ‘ದುರಗಪ್ಪ’ ಎಂದು ಬರೆದಿದ್ದರೆ ಅದೇ ಹೆಸರು ಕಾಗದದಿಂದ ತಾಲೂಕಿನ ಸರ್ವರಿಗೆ, ಅಲ್ಲಿಂದ ಬೆಂಗಳೂರಿಗೆ ಜೋಪಾನವಾಗಿ ಹೋಗುತ್ತದೆ. ಭೂಮಿಯ ಆರಂಭದಲ್ಲಿ ಗಣಕದ ಪ್ರತಿಗಳನ್ನು ಮೂಲದೊಂದಿಗೆ ತಾಳೆ ನೋಡುತ್ತಿದ್ದರು ನಿಜ. ಮೂಲವೇ ತಪ್ಪಿದ್ದರೆ ತಾಳೆಯೂ ಸರಿಯಾಗಿಯೇ ಕಾಣುತ್ತದೆ! ದಫ್ತರದ ಕಾಲದಲ್ಲಿ ತಲಾಟಿಯವರಿಗೆ ದುರ್ಗಪ್ಪನ ಮುಖ ಗೊತ್ತಿತ್ತು, ಒಂದಕ್ಷರ ಹೆಚ್ಚುಕಡಿಮೆಯಾದರೂ ನಡೆಯುತ್ತಿತ್ತು. ಈಗ ಉತಾರದ ಹೆಸರನ್ನು ಆಧಾರ್ ಹೆಸರಿನೊಂದಿಗೆ ಹೋಲಿಸುತ್ತಾರೆ. ಹೊಂದದಿದ್ದರೆ ವಿಮೆಯ ಹಣಕ್ಕೆ ತಡೆ ಬೀಳಬಹುದು.

ಬಿತ್ತನೆಗೆ ಮುಂಚೆ ಒಂದು ಉತಾರ ತೆಗೆಸಿ ಹೆಸರು, ಸರ್ವೆ ನಂಬರು, ಕ್ಷೇತ್ರ, ಬೆಳೆಯ ಕಾಲಂ ನೋಡಿಕೊಳ್ಳಿ. ಓದಲು ಬಾರದ ಹಿರಿಯರಿಗೆ ಶಾಲೆಗೆ ಹೋಗುವ ಮೊಮ್ಮಕ್ಕಳು ಗಟ್ಟಿಯಾಗಿ ಓದಿ ಹೇಳಲಿ. ತಪ್ಪಿದ್ದರೆ ತಹಸೀಲ್ದಾರ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಚೀಟಿ ಇಟ್ಟುಕೊಳ್ಳಿ.